ಕೂರಿಸಿ ಸಾಕಿದ ಎತ್ತು

ನೀಲಪ್ಪನವರ ಮೇಲೆ ನನಗೆ ಮೊದಲ ದಿನವೇ ಸಿಟ್ಟು ಬಂದಿತ್ತು. ಆಗ ನಾನು ಸರ್ಜಾಪುರದ ಪಶು ಆಸ್ಪತ್ರೆಗೆ ಡಾಕ್ಟರಾಗಿ ಬಂದು ಹೆಚ್ಚು ದಿನ ಆಗಿರಲಿಲ್ಲ. ಎತ್ತಿನ ಗೊರಸು ಬೆಳೆದುಬಿಟ್ಟಿದೆ, ಬಂದು ಕತ್ತರಿಸಿಕೊಡಿ ಎಂದು ಪಕ್ಕದ ಹಳ್ಳಿಯಿಂದ ಹೇಳಿಕಳಿಸಿದ್ದರು. ಹೋಗಿ ನೋಡಿದರೆ ಅಲ್ಲಿ ಕೊಟ್ಟಿಗೆಯೇ ಇಲ್ಲ. ಮೂರು ಅಂತಸ್ತಿನ ಕಟ್ಟಡ, ಮೇಲೆ ಬಾಡಿಗೆಯವರು, ಕೆಳಗೆ ಕಾರು ನಿಲ್ಲಿಸಲು ಬಿಟ್ಟ ಜಾಗದಲ್ಲಿ ಕಂಬಕ್ಕೆ ಕಟ್ಟಿದ ಒಂದು ಹಳ್ಳಿಕಾರ್ ಎತ್ತು. ಕಾಲಡಿಗೆ ರಬ್ಬರ್ ಹಾಸು, ತಲೆಯ ಮೇಲೆ ಫ್ಯಾನು. ಬಾಡಿಗೆ ಹುಡುಗರ ಬೈಕುಗಳು ಹೊರಗೆ ರಸ್ತೆಯಲ್ಲಿ ಒಣಗುತ್ತಿದ್ದವು.

"ಇವ್ನ ಎಸ್ರು ದೊರೆ," ಎಂದರು ನೀಲಪ್ಪ, ಪಕ್ಕದ ಪ್ಲಾಸ್ಟಿಕ್ ಕುರ್ಚಿಯಿಂದ ಏಳದೆಯೇ. ಅರವತ್ತರ ಆಸುಪಾಸಿನ ಮನುಷ್ಯ. ಹೆಗಲ ಮೇಲೆ ಟವೆಲ್ಲು, ಮಡಿಲಲ್ಲಿ ನೆನೆಸಿದ ಹುರುಳಿಯ ಬಟ್ಟಲು. ಒಂದೊಂದೇ ಹಿಡಿ ಎತ್ತಿನ ಬಾಯಿಗೆ ಕೊಡುತ್ತಿದ್ದರು. ಎತ್ತೂ ಯಜಮಾನರೂ ಒಂದೇ ಸಮ ದುಂಡಗಾಗಿದ್ದರು. ದೊರೆಯ ಚರ್ಮ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು, ಗೊರಸುಗಳು ಮಾತ್ರ ಮುಂದಕ್ಕೆ ಬೆಳೆದು ಮೇಲಕ್ಕೆ ಬಾಗಿದ್ದವು. ನಡೆಯುವ ದನಕ್ಕೆ ಹಾಗಾಗುವುದಿಲ್ಲ.

"ದಿನಾ ಒಂದು ಸುತ್ತು ನಡೆಸಿ ನೀಲಪ್ಪನೋರೇ. ಗೊರಸು ತಾನಾಗೇ ಸವೆಯುತ್ತೆ."

"ಅವ್ನು ದುಡ್ದಿದ್ದು ಸಾಕು ಮೇಡಂ. ಇನ್ನೇನಿದ್ರೂ ಕೂತ್ಕಂಡ್ ತಿನ್ಲಿ."

"ಗೊರಸೊಂದೇ ಅಲ್ಲ. ಕೂತಲ್ಲೇ ಕೂತ್ರೆ ಒಳಗಿನ ನರಾನೂ ಸೊರಗುತ್ತೆ. ಮೈ ತುಂಬ್ಕೊಂಡಿದೆ ಅಂತ ಕಾಲು ಗಟ್ಟಿ ಇದೆ ಅಂದ್ಕೋಬೇಡಿ."

ನೀಲಪ್ಪ ನಕ್ಕರು. ಅವರ ಹೆಂಡತಿ ಭದ್ರಮ್ಮ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದವರು ನಗಲಿಲ್ಲ, ನನ್ನನ್ನೇ ನೋಡಿದರು. ನಾನು ಗೊರಸು ಕತ್ತರಿಸಿ, ಕೈ ತೊಳೆದುಕೊಂಡು, ಗೊಣಗುತ್ತ ಬಂದೆ.

ನಾನು ಊರವರ ಮಾತಿನಲ್ಲಿ ನರ ಎಂದದ್ದು ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಹುರಿಯನ್ನು. ಹೆಬ್ಬಾಳದ ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಇದನ್ನು ತಲೆಗೆ ಹತ್ತುವ ತನಕ ಹೇಳುತ್ತಿದ್ದರು. ಆ ಹುರಿ ಸತ್ತ ದಾರವಲ್ಲ. ಮೂಳೆಗೂ ಮೂಳೆಗೂ ಗಂಟು ಹಾಕುವ ಪಟ್ಟಿಯೂ ಅಷ್ಟೆ. ಎಳೆತ ಬಿದ್ದಷ್ಟೂ ಅವು ಬಲಿಯುತ್ತವೆ, ಎಳೆತ ತಪ್ಪಿದರೆ ಸೊರಗುತ್ತವೆ. ಓಡಾಡಿಸಿದ ಪ್ರಾಣಿಯದನ್ನೂ ಗೂಡಿನಲ್ಲಿ ಕೂಡಿಹಾಕಿದ ಪ್ರಾಣಿಯದನ್ನೂ ಜಗ್ಗಿ ನೋಡಿದರೆ ಕೂಡಿಹಾಕಿದ್ದರದು ಬೇಗ ಕಿತ್ತು ಬರುತ್ತದೆ. ಹೊರಗಿನಿಂದ ಮಾತ್ರ ಏನೂ ಕಾಣುವುದಿಲ್ಲ. ಕೂದಲು ಹೊಳೆಯುತ್ತದೆ, ಹೊಟ್ಟೆ ತುಂಬಿರುತ್ತದೆ, ಸಾಕಿದವರಿಗೆ ಹೆಮ್ಮೆಯಾಗುತ್ತದೆ. ಪ್ರೀತಿಯಿಂದ ಕೆಡಿಸುವುದು ಹೀಗೆ.

ಆ ಊರಿನಲ್ಲಿ ಹೊಲ ಎಂದು ಹೇಳಿಕೊಳ್ಳಲು ಏನೂ ಉಳಿದಿರಲಿಲ್ಲ. ನೀಲಪ್ಪನವರ ರಾಗಿ ಹೊಲವೂ ಲೇಔಟ್ ಆಗಿ, ಸುತ್ತ ಗೋಡೆ ಎದ್ದು, ಬಾಗಿಲಲ್ಲಿ ಸೆಕ್ಯೂರಿಟಿಯವನು ಕೂತಿದ್ದ. ಆದರೂ ಹಳೆಯ ಮನೆತನಗಳು ಒಂದೋ ಎರಡೋ ಎತ್ತು ಇಟ್ಟುಕೊಂಡಿದ್ದವು. ಉಳುವುದಕ್ಕಲ್ಲ, ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವುದಕ್ಕೆ. ಮುನೇಶ್ವರನ ಗುಡಿಯ ಮುಂದೆ ರಸ್ತೆಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಕೊಡುತ್ತಾರೆ. ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಹೂ ಕಟ್ಟಿದ ದನಗಳನ್ನು ಅದರ ಮೇಲೆ ಹಾರಿಸುತ್ತಾರೆ. ಆ ಊರಲ್ಲಿ ಮೊದಲು ಹಾಯುವುದು ನೀಲಪ್ಪನವರ ಮನೆಯ ಎತ್ತೇ ಆಗಬೇಕು. ಅಜ್ಜನ ಕಾಲದಿಂದ ಬಂದ ಪದ್ಧತಿ. ಹೀಗೆ ವರ್ಷವಿಡೀ ಫ್ಯಾನಿನ ಕೆಳಗೆ ಮಲಗಿದ್ದ ದೊರೆಯನ್ನು ಒಂದು ಸಂಜೆ ಮಾತ್ರ ಎಬ್ಬಿಸಿ ಬೆಂಕಿ ಹಾರಿಸುತ್ತಿದ್ದರು. ಅದು ಕೆಲಸವಲ್ಲವಂತೆ, ಮರ್ಯಾದೆಯಂತೆ.

ಕೆಲವು ವರ್ಷ ಕಳೆದು, ಎರಡು ಸಾವಿರದ ಹನ್ನೆರಡರ ಸಂಕ್ರಾಂತಿಗೆ ನನ್ನನ್ನೂ ಕರೆದಿದ್ದರು. ಎಳ್ಳುಬೆಲ್ಲ ತಿಂದು, ಗುಡಿಯ ಜಗಲಿಯ ಮೇಲೆ ಹೆಂಗಸರ ಜೊತೆ ನಿಂತಿದ್ದೆ. ಆ ವರ್ಷ ಗುಡಿಯ ಮುಂದಿನ ಮಣ್ಣಿನ ದಾರಿಗೆ ಹೊಸದಾಗಿ ಕಾಂಕ್ರೀಟ್ ಹಾಕಿದ್ದರು. ಹುಲ್ಲಿಗೆ ಬೆಂಕಿ ಬಿತ್ತು, ತಮಟೆ ಏರಿತು, ಇಬ್ಬರು ಗಟ್ಟಿ ಆಳುಗಳು ದೊರೆಯ ಎರಡೂ ಕಡೆಯ ಹಗ್ಗ ಹಿಡಿದು ಓಡಿದರು. ದೊರೆ ಚೆನ್ನಾಗಿಯೇ ಹಾರಿದ. ಮೈಗೆ ಎಲ್ಲ ನೆನಪಿತ್ತು. ಆದರೆ ಇಳಿದ ಕ್ಷಣ ಬಲ ಮುಂಗಾಲು ಭಾರ ತಡೆಯಲಿಲ್ಲ. ಗೊರಸಿನ ಮೇಲಿನ ಗಿಣ್ಣು ನೆಲಕ್ಕೆ ಕುಸಿಯಿತು, ಮಂಡಿ ಕಾಂಕ್ರೀಟಿಗೆ ಉಜ್ಜಿಕೊಂಡು ಹೋಯಿತು, ಆ ದೊಡ್ಡ ಮೈ ಮಗ್ಗುಲಾಗಿ ಬಿತ್ತು. ತಮಟೆ ನಿಂತಿತು.

ನಾನು ಓಡಿಹೋಗಿ ಕಾಲು ಮುಟ್ಟಿ ನೋಡಿದೆ. ಮುಂಗಾಲಿನ ಹಿಂಬದಿಯ ಹುರಿ ಹರಿದಿತ್ತು, ಪೂರ್ತಿ ಅಲ್ಲ. ಬೆರಳಿಗೆ ಇನ್ನೂ ಒಂದಿಷ್ಟು ಬಿಗಿ ಸಿಗುತ್ತಿತ್ತು. ಮಂಡಿಯ ಚರ್ಮ ಕಿತ್ತು ಒಳಗಿನ ಬಿಳುಪು ಕಾಣುತ್ತಿತ್ತು. ನೀಲಪ್ಪ ಎತ್ತಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟರು. ಯಾರ ಮುಖವನ್ನೂ ನೋಡಲಿಲ್ಲ.

ಗುಡಿಯ ಕಾರ್ಯ ನೋಡಿಕೊಳ್ಳುವವರು ವೆಂಕಟಪ್ಪ, ನೀಲಪ್ಪನವರಿಗೆ ದೊಡ್ಡಪ್ಪನ ಮಗ. ಕೆಟ್ಟವರಲ್ಲ, ಆದರೆ ಊರಿನ ಒಳ್ಳೆಯದು ಕೆಟ್ಟದ್ದೆಲ್ಲ ತಮ್ಮ ತಲೆಯ ಮೇಲಿದೆ ಎಂದು ನಂಬಿದವರು. ಅವರು ಬಂದು ನಿಂತು ಮೆಲ್ಲಗೆ ಹೇಳಿದರು: "ನೀಲ, ಕಿಚ್ಚಲ್ಲಿ ಬಿದ್ದ ಎತ್ತು ಊರಿಗಾಗಲ್ಲ. ನಿಂಗೂ ಗೊತ್ತು. ಬರೋ ಸಂಕ್ರಾಂತಿಗೆ ಇದೇ ಎತ್ತು ಹಾಯ್ದು ದೋಸ ಕಳ್ಕಬೇಕು. ಇಲ್ಲಾಂದ್ರೆ ಊರಾಚೆ ಕಳ್ಸಬೇಕಾಯ್ತದೆ."

ಊರಾಚೆ ಎಂದರೆ ಎಲ್ಲಿಗೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕುಂಟುವ ಮುದಿ ಎತ್ತನ್ನು ಸಾಕಲು ಯಾರೂ ಕೊಳ್ಳುವುದಿಲ್ಲ.

ಮೊದಲ ವಾರಗಳಲ್ಲಿ ಕಾಲು ಅಲುಗಾಡಬಾರದು. ಕಟ್ಟಡದ ನಲ್ಲಿ ಕೆಲಸದಲ್ಲಿ ಉಳಿದಿದ್ದ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಒಳಗೆ ಹತ್ತಿ ತುಂಬಿ, ಕಾಲಿಗೆ ಆಸರೆ ಕಟ್ಟಿದೆ. ಮಂಡಿಯ ಗಾಯಕ್ಕೆ ದಿನವೂ ಔಷಧಿ ಹಚ್ಚಿ ಹೊಸ ಬಟ್ಟೆ ಸುತ್ತಬೇಕು, ಒಂದೇ ಮಗ್ಗುಲಲ್ಲಿ ಮಲಗಿ ಮೈ ಹುಣ್ಣಾಗದಂತೆ ಆಗಾಗ ಹೊರಳಿಸಬೇಕು. ಬೈಕಿಗೆ ನೆರಳಿಲ್ಲ ಎಂದು ಜಗಳ ಕಾಯುತ್ತಿದ್ದ ಬಾಡಿಗೆ ಹುಡುಗರೇ ಕೆಳಗಿಳಿದು ಬಂದು ಭುಜ ಕೊಟ್ಟರು. ಆ ವಾರಗಳಲ್ಲಿ ನೀಲಪ್ಪ ಮಾಡಿದ ಸೇವೆಯನ್ನು ನಾನು ಯಾರಲ್ಲೂ ಕಂಡಿಲ್ಲ. ಒಣಹುಲ್ಲು ಬದಲಾಯಿಸುವುದೇನು, ನೊಣ ಓಡಿಸುವುದೇನು, ಹುರುಳಿ ಬೇಯಿಸಿ ತಣಿಸುವುದೇನು. ದೊರೆ ಎದ್ದು ಮೂರು ಕಾಲಿನ ಮೇಲೆ ನಿಂತ ದಿನ ಅವರು ಗೋಡೆಯ ಕಡೆ ತಿರುಗಿ ಅತ್ತರು.

ಪೈಪು ಬಿಚ್ಚಿದ ಮೇಲೆ ನಾನು ಹೇಳಿದೆ: "ವಿಶ್ರಾಂತಿ ಸಾಕು. ಇನ್ನು ನಡೆಸಬೇಕು. ಮೊದಲು ಮನೆ ಮುಂದೆ ನಾಲ್ಕು ಹೆಜ್ಜೆ, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ. ಮಣ್ಣಿನ ಮೇಲೆ, ನಿಧಾನಕ್ಕೆ. ಓಡಿಸಬೇಡಿ, ನಿಲ್ಲಿಸಲೂಬೇಡಿ."

"ಊಂ ಮೇಡಂ," ಎಂದರು ನೀಲಪ್ಪ.

ಮುಂದಿನ ಸಲ ಹೋದಾಗ ಕಾಲು ಇದ್ದ ಹಾಗೆಯೇ ಇತ್ತು. ಅಷ್ಟೇ ಅಲ್ಲ, ಭುಜದ ಮಾಂಸ ಇಳಿದಿತ್ತು, ಮಂಡಿಯ ಗಾಯ ಮಾಯುತ್ತಿದ್ದ ಹಾಗೇ ಚರ್ಮ ಬಿಗಿದುಕೊಂಡು ಮಂಡಿ ಮಡಚದಾಗಿತ್ತು. ದಿನಾ ನಡೆಸುತ್ತಿದ್ದೀರಾ ಎಂದು ಕೇಳಿದೆ. ಹೌದು ಎಂದರು. ನಾನು ಕೂತು ಗೊರಸಿನ ಸಂದಿಗೆ ಬೆರಳು ಹಾಕಿದೆ. ಒಂದು ಕಣ ಮಣ್ಣಿಲ್ಲ.

ನನಗೆ ಬಾಯಿ ಕಟ್ಟಿಕೊಳ್ಳಲು ಬರುವುದಿಲ್ಲ. "ನೀವು ಇವನನ್ನ ಸಾಕ್ತಿಲ್ಲ, ಕೂರಿಸಿ ಕೂರಿಸಿ ಕೊಲ್ತಿದ್ದೀರ," ಎಂದುಬಿಟ್ಟೆ. ನೀಲಪ್ಪ ಟವೆಲ್ಲು ಕೊಡವಿಕೊಂಡು ಹೊರಗೆ ಹೋದರು.

ಆಗ ಭದ್ರಮ್ಮ ಹತ್ತಿರ ಬಂದರು. "ಅವ್ರನ್ನ ಬೈಬ್ಯಾಡಿ ಡಾಕ್ಟ್ರಮ್ಮ. ಅವ್ರ ಕೈಲಿ ಆಗಲ್ಲ. ಅರಕೆ ಐತೆ."

ದೊರೆಗೆ ಒಬ್ಬ ಜೊತೆಗಾರನಿದ್ದನಂತೆ, ಮುತ್ತ ಎಂದು. ಈ ಕಡೆಯ ಲೇಔಟುಗಳೆಲ್ಲ ಏಳುತ್ತಿದ್ದ ಕಾಲಕ್ಕೆ ನೀಲಪ್ಪ ಗಾಡಿ ಕಟ್ಟಿ ಕಾಂಪೌಂಡುಗಳಿಗೆ ಸೈಜುಗಲ್ಲು ಸಾಗಿಸುತ್ತಿದ್ದರು. ಬೇಡಿಕೆ ಜೋರಾಗಿತ್ತು, ಹೇರೂ ಜೋರಾಗಿತ್ತು. ಒಂದು ಮಧ್ಯಾಹ್ನ ಕೆರೆ ಏರಿ ಹತ್ತುವಾಗ ಮುತ್ತ ನೊಗದಲ್ಲೇ ಕುಸಿದ. ನೀಲಪ್ಪ ಸುಮ್ಮನೆ ಮಲಗಿದ್ದಾನೆಂದು ತಿಳಿದು ಬಾರುಕೋಲಿನಲ್ಲಿ ಹೊಡೆದರು. ಹೊಡೆಯುತ್ತಲೇ ಇದ್ದರು. ಸತ್ತಿದೆ ಎಂದು ದಾರಿಹೋಕರು ಯಾರೋ ಹೇಳಬೇಕಾಯಿತು. ಅಷ್ಟು ಹೊತ್ತೂ ಅದೇ ನೊಗದ ಇನ್ನೊಂದು ತುದಿಯಲ್ಲಿ ದೊರೆ ತಲೆ ತಗ್ಗಿಸಿ ನಿಂತಿದ್ದ.

"ಅವತ್ತೇ ಮುನೇಸ್ವರನ ಮುಂದೆ ಕೈ ಮುಗ್ದು ಅಂದ್ರು, ಇನ್ಮ್ಯಾಕೆ ಇವ್ನ ಅಗ್ಗ ಇಡ್ದು ಒಂದೆಜ್ಜೆನೂ ನಡ್ಸಾಕಿಲ್ಲ ಅಂತ. ಕಿಚ್ಚು ದಿನಾನೂ ಬೇರೇರೇ ಇಡ್ಕಂಡೋಯ್ತಾರೆ, ನೋಡಿಲ್ವಾ?"

ನೋಡಿದ್ದೆ, ತಿಳಿದಿರಲಿಲ್ಲ. ಸಿಟ್ಟೆಲ್ಲ ಇಳಿದುಹೋಯಿತು, ಆದರೆ ಸಿಟ್ಟು ಇಳಿದರೆ ಕಾಲು ಸರಿಹೋಗುವುದಿಲ್ಲವಲ್ಲ. ಭದ್ರಮ್ಮನಿಗೆ ಬಿಡಿಸಿ ಹೇಳಿದೆ. ಹರಿದ ಜಾಗದಲ್ಲಿ ಮೈ ತಾನೇ ಹೊಸ ನಾರು ಹುಟ್ಟಿಸುತ್ತದೆ, ಆದರೆ ಅದು ಸಿಕ್ಕುಸಿಕ್ಕಾಗಿ ಹುಟ್ಟುತ್ತದೆ, ಹದವಾದ ಎಳೆತ ಬಿದ್ದರೆ ಮಾತ್ರ ಒಂದೇ ದಿಕ್ಕಿಗೆ ಸಾಲಾಗಿ ಕೂಡಿಕೊಳ್ಳುತ್ತದೆ.

"ಕತ್ತಾಳೆ ನಾರೂ ಅಂಗೇಯ," ಎಂದರು ಭದ್ರಮ್ಮ. "ಎಳ್ದು ಇಡ್ಕಳ್ದೆ ಒಸುದ್ರೆ ಗಂಟು ಬೀಳ್ತದೆ."

ಆಮೇಲೆ ಕಂಬದ ಕಡೆ ನೋಡಿ ಅಂದರು: "ಅರಕೆ ಕಟ್ಕಂಡಿದ್ದು ಅವ್ರು. ನಾನೇನೂ ಕಟ್ಕಂಡಿಲ್ವಲ್ಲ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗ ಬಿಚ್ಚಿದರು. ದೊರೆ ಒಂದು ಹೆಜ್ಜೆ ಇಟ್ಟ, ನಿಂತ, ಮೂಗಿನಿಂದ ಬಿಸಿ ಉಸಿರು ಬಿಟ್ಟ. ಇನ್ನೊಂದು ಹೆಜ್ಜೆ ಇಟ್ಟ. ಗೇಟಿನ ತನಕ ಹೋಗಿ ಬರುವಷ್ಟರಲ್ಲಿ ಇಬ್ಬರೂ ಬೆವರಿದ್ದರು.

ಅಂದಿನಿಂದ ಬೆಳಗೂ ಸಂಜೆಯೂ ಭದ್ರಮ್ಮ ದೊರೆಯನ್ನು ನಡೆಸಿದರು. ಊರಿನ ದಾರಿಗಳೆಲ್ಲ ಕಾಂಕ್ರೀಟಾಗಿದ್ದರಿಂದ ಮೆತ್ತಗಿನ ಮಣ್ಣು ಉಳಿದದ್ದು ಲೇಔಟಿನೊಳಗೆ, ಸೈಟು ಮಾರಿ ಮನೆ ಕಟ್ಟದೆ ಬಿಟ್ಟ ಕಡೆ. ಸೆಕ್ಯೂರಿಟಿಯವನು ತಡೆದ. ಭದ್ರಮ್ಮ ಅವನ ಮುಂದೆ ಬಕೆಟ್ಟು ಎತ್ತಿ ತೋರಿಸಿದರು, ಸಗಣಿ ಬಿದ್ದರೆ ನಾನೇ ಎತ್ತುತ್ತೇನೆ ಎಂದು. ಆಮೇಲೆ ಅಲ್ಲೇ ಶೂ ಹಾಕಿಕೊಂಡು ವಾಕಿಂಗ್ ಮಾಡುತ್ತಿದ್ದವರಿಗೂ ಅಭ್ಯಾಸವಾಯಿತು. ಶುಗರ್ ಇದ್ದ ಒಬ್ಬ ಹೆಂಗಸಂತೂ ಈ ಎತ್ತಿನ ಹಿಂದೆ ನಡೆದರೆ ದಮ್ಮು ಕಟ್ಟುವುದಿಲ್ಲ ಎಂದು ಜೊತೆಗೇ ಬರುತ್ತಿದ್ದರು.

ನೀಲಪ್ಪ ಮೊದಲು ಕೋಪಿಸಿಕೊಂಡು ಮಾತು ಬಿಟ್ಟರು. ಎತ್ತು ಕುಂಟುವುದನ್ನು ನೋಡಲಾರದೆ ಒಳಗೆ ಕೂತಿರುತ್ತಿದ್ದರು. ಆದರೆ ಕೂರಲೂ ಆಗಲಿಲ್ಲ. ಎಲ್ಲಿ ಎಡವಿ ಬೀಳುತ್ತಾನೋ ಎಂಬ ದಿಗಿಲಿಗೆ ದೂರದಿಂದ ಹಿಂಬಾಲಿಸತೊಡಗಿದರು. ಹೆಂಡತಿ ಮುಂದೆ, ಎತ್ತು ನಡುವೆ, ಹಿಂದೆ ಎಷ್ಟೋ ದೂರದಲ್ಲಿ ಕೈ ಕಟ್ಟಿಕೊಂಡು, ತಮಗೂ ಅದಕ್ಕೂ ಸಂಬಂಧವಿಲ್ಲ ಎನ್ನುವ ಹಾಗೆ ನೀಲಪ್ಪ. ನಾನು ಸ್ಕೂಟರಿನಲ್ಲಿ ಆ ದಾರಿಯಲ್ಲಿ ಹೋದಾಗಲೆಲ್ಲ ಈ ಮೆರವಣಿಗೆ ನೋಡಿ ನಗುತ್ತಿದ್ದೆ.

ಮಳೆಗಾಲ ಬರುವಷ್ಟರಲ್ಲಿ ಮಂಡಿಯ ಬಿಗಿ ಸಡಿಲಿತು. ಗಾಯದ ಜಾಗದಲ್ಲಿ ಕೂದಲಿಲ್ಲದ ಬೂದು ಚರ್ಮ ಬಂತು. ಹರಿದ ಹುರಿ ಗೆಣಸಿನ ಹಾಗೆ ದಪ್ಪಗಾಗಿ, ಆಮೇಲೆ ಮೆಲ್ಲಮೆಲ್ಲಗೆ ಸಣ್ಣಗಾಯಿತು. ದಸರೆ ಕಳೆದ ಮೇಲೆ ದೊರೆ ಕುಂಟುವುದನ್ನೇ ಬಿಟ್ಟ. ಕತ್ತೆತ್ತಿ ನಡೆಯುತ್ತಿದ್ದ. ಹೊಟ್ಟೆ ಕರಗಿ, ಹೆಗಲು ಕಟ್ಟಿಕೊಂಡು, ಹಳೆಯ ಗಾಡಿ ಎತ್ತಿನ ಗತ್ತು ಬಂದಿತ್ತು. ಊರವರು ಮಾತಾಡಿಕೊಂಡರು, ಈ ಸಲ ಹಾಯ್ತಾನೆ ಬಿಡಿ ಎಂದು. ವೆಂಕಟಪ್ಪನವರೂ ಬಂದು ನೋಡಿ ತೃಪ್ತಿಯಿಂದ ತಲೆಯಾಡಿಸಿ ಹೋದರು.

ಧನುರ್ಮಾಸದಲ್ಲಿ ಒಂದು ದಿನ ನೀಲಪ್ಪ ಒಬ್ಬರೇ ಆಸ್ಪತ್ರೆಗೆ ಬಂದರು. ಮುಖದಲ್ಲಿ ಆಸೆ ಇತ್ತು. ಅದನ್ನು ನೋಡಿಯೇ ನನಗೆ ಸಂಕಟವಾಯಿತು, ಯಾಕೆಂದರೆ ಏನು ಕೇಳಲು ಬಂದಿದ್ದಾರೆ ಎಂದು ಗೊತ್ತಿತ್ತು.

"ಮೇಡಂ, ಒಂದೇ ಒಂದ್ಸಲ. ಆಮ್ಯಾಕೆ ಜನ್ಮದಲ್ಲಿ ಆರ್ಸಲ್ಲ. ತಡೀತದಾ?"

"ಇಲ್ಲ ನೀಲಪ್ಪನೋರೇ."

"ಇಷ್ಟ್ ಚೆನ್ನಾಗ್ ನಡೀತಾವ್ನಲ್ಲ?"

"ನಡೀತಾನೆ. ಸಾಯೋ ತನಕ ನಡೀತಾನೆ. ಕೂಡಿದ ನರ ಕೂಡಿದ್ದೇ ಹೊರತು ಮೊದಲಿನದಲ್ಲ. ನಡೆಯೋ ಭಾರ ತಡೆಯುತ್ತೆ, ಹಾರಿ ಇಳಿಯೋ ಭಾರ ತಡೆಯಲ್ಲ."

"ನಾನು ಕೇಳುದ್ರೆ ಆರ್ತಾನೆ ಅವ್ನು."

"ಹಾರ್ತಾನೆ. ನೀವು ಕೇಳಿದ್ರೆ ಏನ್ ಬೇಕಾದ್ರೂ ಮಾಡ್ತಾನೆ. ಆಮೇಲೆ ಏಳಲ್ಲ."

ಅವರು ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದರು. ಕುರಿ ತಂದವರು, ಹಸು ತಂದವರು ಬಂದು ಹೋದರು. ಊರಾಚೆ ಕಳಿಸುವುದಕ್ಕಿಂತ ಹಾಯಿಸಿ ನೋಡುವುದೇ ಮೇಲೆಂದು ಅವರ ಮನಸ್ಸು ಹೇಳುತ್ತಿರಬೇಕು ಎಂದು ನಾನು ಹೆದರಿದೆ. ಕೊನೆಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಸಂಕ್ರಾಂತಿಯ ದಿನ ಯಾರೂ ಕರೆಯದಿದ್ದರೂ ನಾನು ನೋವಿನ ಇಂಜೆಕ್ಷನ್ನು, ಬ್ಯಾಂಡೇಜು, ಸೀಳಿದ ಪೈಪು ಎಲ್ಲ ಚೀಲದಲ್ಲಿಟ್ಟುಕೊಂಡು ಹೊರಟೆ.

ಗುಡಿಯ ಮುಂದೆ ಊರೆಲ್ಲ ಸೇರಿತ್ತು. ಹುಲ್ಲು ಹರಡಿ ಆಗಿತ್ತು. ದೊರೆಯ ಕೋಡಿಗೆ ಬಣ್ಣ, ಕೊರಳಿಗೆ ಚೆಂಡು ಹೂವಿನ ಹಾರ. ಹಗ್ಗ ಭದ್ರಮ್ಮನ ಕೈಯಲ್ಲಿತ್ತು, ಅವರ ಮುಖ ಕಲ್ಲಾಗಿತ್ತು. ನಾನು ಕಣ್ಣಲ್ಲೇ ಕೇಳಿದೆ. ಗೊತ್ತಿಲ್ಲ ಎನ್ನುವಂತೆ ತಲೆಯಾಡಿಸಿದರು. ಬೆಂಕಿ ಹತ್ತಿತು, ತಮಟೆ ಏರಿತು. ಹೋದ ವರ್ಷದ ಇಬ್ಬರೇ ಈ ವರ್ಷವೂ ಹಗ್ಗ ಹಿಡಿಯಲು ಮುಂದೆ ಬಂದರು.

ನೀಲಪ್ಪ ಅವರಿಗೆ ಅಡ್ಡ ನಿಂತರು.

"ಅವ್ನು ಆರಲ್ಲ," ಎಂದರು.

ತಮಟೆಯವರು ಕೈ ನಿಲ್ಲಿಸಿದರು. ವೆಂಕಟಪ್ಪ ಹತ್ತಿರ ಬಂದು, "ಏನ್ಲಾ ನೀಲ? ಎತ್ತು ಸರಿ ಐತಲ್ಲ? ಊರು ಕಾಯ್ತಾ ಐತೆ," ಎಂದರು.

"ಸರಿ ಐತೆ ಅಣ್ಣ. ಸರಿಯಾಗೇ ಇರ್ಲಿ ಅಂತ." ನೀಲಪ್ಪ ದೊರೆಯ ಕಡೆ ಕೈ ತೋರಿಸಿದರು. "ದೋಸ ದೋಸ ಅಂತೀಯಲ್ಲ, ಅವ್ನೇನ್ ದೋಸ ಮಾಡ್ದ? ಅವ್ನಾಗಿ ಬಿದ್ದಿದ್ದಾ? ಕಟ್ಟಾಕಿ, ತಿನ್ಸಿ, ಕಾಲ್ ಸತ್ವ ಕಳ್ದು, ಮೆರೀಲಿ ಅಂತ ಬೆಂಕಿಗೆ ಬಿಟ್ಟಿದ್ದು ನಾನು. ಅದುಕ್ ಮುಂಚೆ ಮುತ್ತನ್ನ ಒಡ್ದು ಸಾಯ್ಸಿದ್ದೂ ನಾನೇ. ದೋಸ ನಂದು. ದಾಟ್ಬೇಕಾದೋನು ನಾನು."

ಪಂಚೆ ಎತ್ತಿ ಕಟ್ಟಿದರು. ಭದ್ರಮ್ಮ "ಬ್ಯಾಡ್ರೀ" ಎಂದು ಕೂಗಿದ್ದು ಎಲ್ಲರಿಗೂ ಕೇಳಿಸಿತು. ನೀಲಪ್ಪ ಓಡಿದರು. ಅರವತ್ತು ದಾಟಿದ, ನನ್ನ ಕಣ್ಣ ಮುಂದೆಯೇ ವರ್ಷಗಟ್ಟಲೆ ಕುರ್ಚಿ ಬಿಟ್ಟೇಳದ ಮನುಷ್ಯ. ಇಳಿಯುವಾಗ ಕಾಲು ಕಿತ್ತುಹೋಗುತ್ತದೆ, ಎತ್ತಿಗಾದದ್ದೇ ಇವರಿಗೂ ಆಗುತ್ತದೆ ಎಂದು ನಾನು ಚೀಲಕ್ಕೆ ಕೈ ಹಾಕಿದೆ. ಚೀಲದಲ್ಲಿದ್ದದ್ದೆಲ್ಲ ದನದ ಔಷಧಿ. ಅವರು ಹಾರಿದರು. ಉರಿ ಪಂಚೆಯ ಅಂಚನ್ನು ಸವರಿತು. ಆಚೆ ಬದಿ ಕಾಂಕ್ರೀಟಿನ ಮೇಲೆ ಇಳಿದರು, ಮುಂದಕ್ಕೆ ಮುಗ್ಗರಿಸಿದರು, ಕೈ ಊರಿದರು, ಎದ್ದು ನಿಂತರು. ತಿಂಗಳುಗಟ್ಟಲೆ ಬೆಳಗೂ ಸಂಜೆಯೂ ಆ ಎತ್ತಿನ ಹಿಂದೆ ನಡೆದಿದ್ದ ಕಾಲುಗಳು ಅವು.

ಎಲ್ಲರೂ ವೆಂಕಟಪ್ಪನವರ ಮುಖ ನೋಡಿದರು. ಅವರು ಬೆಂಕಿಯನ್ನು ನೋಡಿದರು, ತಮ್ಮನನ್ನು ನೋಡಿದರು, ಕಣ್ಣೊರೆಸಿಕೊಂಡರು, ಹೊಗೆಗೋ ಏನೋ. ಆಮೇಲೆ ತಮಟೆಯವರ ಮೇಲೆ ರೇಗಿದರು: "ಏನ್ ನೋಡ್ತೀರ ನಿಂತ್ಕಂಡು? ಮೊದ್ಲುನ್ ಮನೇದು ಆಯ್ತಲ್ಲ. ಬಡೀರಿ. ಮುಂದಿಂದು ಬರ್ಲಿ."

ತಮಟೆ ಮತ್ತೆ ಏರಿತು, ಬೇರೆ ಮನೆಗಳ ಎತ್ತುಗಳು ಒಂದೊಂದಾಗಿ ಹಾಯತೊಡಗಿದವು. ಭದ್ರಮ್ಮ ದೊರೆಯನ್ನು ಬೆಂಕಿಯ ಬದಿಯಿಂದ ಬಳಸಿಕೊಂಡು ಗಂಡನ ಬಳಿಗೆ ಹೋದರು. ಬೈದರು, ಸುಟ್ಟ ಅಂಚನ್ನು ಕೈಯಲ್ಲಿ ಹೊಸಕಿ ಆರಿಸಿದರು, ಮತ್ತೆ ಬೈದರು. "ನಡೀರಿ, ಇವ್ನು ನಡ್ಯೋ ಒತ್ತಾಯ್ತು," ಎಂದು ಲೇಔಟಿನ ಕಡೆ ಹೊರಟರು. ನಾನು ಚೀಲ ಹಿಡಿದುಕೊಂಡು ನೋಡುತ್ತ ನಿಂತೆ. ಮೂವರೂ ಒಂದೇ ಸಾಲಿನಲ್ಲಿ ನಿಧಾನವಾಗಿ ನಡೆದು ಹೋಗುತ್ತಿದ್ದರು, ಅವರಲ್ಲಿ ಅವತ್ತು ಕುಂಟುತ್ತಿದ್ದದ್ದು ನೀಲಪ್ಪ ಒಬ್ಬರೇ.